ಇಬತ್ತಿ ತಿಕ್ಕಿದ ಡೈಮು

"ಇದನ್ನ ತೊಳೆದಿದ್ದು ಯಾರು?"

ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆಯದೆಯೇ ಕೇಳಿದ ಮಂಜೇಶ್. ಅವನ ಬೆರಳ ತುದಿಯಲ್ಲಿ ಕೀರ್ತಿಯ ಡೈಮು, ಅಂದರೆ ಹತ್ತು ಸೆಂಟಿನ ಹಳೇ ಬೆಳ್ಳಿ ನಾಣ್ಯ, ಆಗಷ್ಟೇ ಅಂಗಡಿಯಿಂದ ತಂದ ಕಾಲುಂಗುರದ ಹಾಗೆ ಫಳಫಳ ಹೊಳೆಯುತ್ತಿತ್ತು.

ಚಹಾದ ಟ್ರೇಯನ್ನು ಕೀರ್ತಿ ಮೇಜಿನ ಮೇಲೆ ಇಟ್ಟಳು ಅನ್ನುವುದಕ್ಕಿಂತ ಬಿಟ್ಟಳು ಅನ್ನಬೇಕು. ಮೊನ್ನೆ ತಾನೇ ಕೈಯಾರೆ ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿಟ್ಟಾಗ ಅದು ಬೂದುಗಪ್ಪಾಗಿತ್ತು. ನೂರು ವರ್ಷ ಯಾರು ಯಾರದೋ ಜೇಬಿನಲ್ಲಿ ತಿರುಗಿ ಬಂದ ಬಣ್ಣ ಅದು.

ರೂಟ್ ಒನ್ ಹೆದ್ದಾರಿ ಬದಿಯ ಬ್ಯಾಂಕೊಂದರಲ್ಲಿ ಅವಳು ಟೆಲ್ಲರ್, ನಗದು ಕೌಂಟರಿನವಳು. ಕಳೆದ ಚಳಿಗಾಲದಲ್ಲಿ ಚಿಲ್ಲರೆಯ ರೋಲೊಂದರ ನಡುವೆ ಒಂದು ಬೆಳ್ಳಿಯಂಚು ಕಣ್ಣಿಗೆ ಬಿದ್ದಿತ್ತು. ಮ್ಯಾನೇಜರಿಗೆ ಹೇಳಿ, ತನ್ನ ಪರ್ಸಿನಿಂದ ಬೇರೆ ಡೈಮು ಹಾಕಿ, ಇದನ್ನು ಎತ್ತಿಕೊಂಡಿದ್ದಳು. ಮುಂದೆ 1916, ಹಿಂದೆ ಸಾಸಿವೆ ಕಾಳಿಗಿಂತ ಚಿಕ್ಕದೊಂದು 'ಡಿ'. ಡೆನ್ವರ್ ಟಂಕಸಾಲೆಯ ಗುರುತು. ಆ ವರ್ಷ ಅಲ್ಲಿ ಹೊಡೆದ ಡೈಮುಗಳು ತೀರ ಕಡಿಮೆಯಂತೆ. ಅದನ್ನು ಓದಿಕೊಂಡ ರಾತ್ರಿ ಅವಳಿಗೆ ನಿದ್ದೆ ಬಂದಿರಲಿಲ್ಲ.

ಕೌಂಟಿ ಕಾಲೇಜಿನಲ್ಲಿ ಅಕೌಂಟಿಂಗ್ ಓದಬೇಕು ಅಂತ ಅವಳು ಎರಡು ವರ್ಷದಿಂದ ಹೇಳುತ್ತಲೇ ಇದ್ದಳು. ಗಂಡ ಬಸವಪ್ರಸಾದ್, ಪರಿಚಯದ ಅಕೀಲ್ ಅಂಕಲ್ ಮನೆಯ ಊಟದಲ್ಲಿ ಎಲ್ಲರೆದುರೇ, "ನಿನ್ನ ಆ ಸವಕಲು ಚಿಲ್ಲರೆಗೆ ಬೆಲೆ ಬಂದ್ರೆ ಸೇರ್ಕೋ ಕಾಲೇಜಿಗೆ, ನಾನೇನು ಅಡ್ಡ ಬರಲ್ಲ" ಅಂತ ನಕ್ಕಿದ್ದ. ಬಿರಿಯಾನಿ ಬಡಿಸುತ್ತಿದ್ದ ಮನೆಯೊಡತಿ ನಯೀಮಾ ಆಂಟಿಯೊಬ್ಬರೇ ನಕ್ಕಿರಲಿಲ್ಲ. ಗಂಡನ ಗೆಳೆಯ ಮಂಜೇಶನೂ ಆ ಊಟಕ್ಕೆ ಬಂದಿದ್ದ. ಕ್ರ್ಯಾನ್‌ಬರಿ ಅನ್ನುವ ಊರಿನ ಔಷಧಿ ಕಂಪನಿಯಲ್ಲಿ ಕೆಲಸ, ರಜೆ ಬಂತೆಂದರೆ ಹಳೇ ನಾಣ್ಯ ಕೊಳ್ಳುವ ಮಾರುವ ಹುಚ್ಚು. "ನಾನು ಬಂದು ನೋಡಿ ಬೆಲೆ ಹೇಳ್ತೀನಿ" ಅಂದಿದ್ದ. ಹಾಗೆ ಈ ಭಾನುವಾರ ಬಂದು ಕೂತಿದ್ದ.

"ಹೊಳೀತಾ ಇದೆಯಲ್ಲ, ಒಳ್ಳೇದೇ ತಾನೇ?" ಅಂದ ಬಸವಪ್ರಸಾದ್.

"ಗುರುವೇ, ಸವೆದ ನಾಣ್ಯ ಸವೆದ ಹಾಗೇ ಇರ್ಬೇಕು! ಕೊಳೆ ಅಂದ್ಕೊಂಡ್ರಾ? ಅದು ಅದರ ಚರ್ಮ ಕಣ್ರೀ. ಚರ್ಮ ಸುಲಿದು ತಂದಿಟ್ಟು ರೇಟ್ ಹೇಳು ಅಂದ್ರೆ?" ಮಂಜೇಶ್ ನಾಣ್ಯವನ್ನು ತಿರುಗಿಸಿದ. "ಮುಟ್ಟದೇ ಬಿಟ್ಟಿದ್ರೆ ಏಳೆಂಟು ನೂರು ಡಾಲರ್ ಬರ್ತಿತ್ತು. ಈಗ ನೋಡಿ, ಈ ಡಿ ಸುತ್ತ ಬೆಕ್ಕು ಪರಚಿದ ಹಂಗೆ ಗೀರು. ಮಾಮೂಲಿ ಡೈಮಿಗೆ ಡಿ ಅಂಟಿಸಿ ಟೋಪಿ ಹಾಕೋರು ಬೇಕಾದಷ್ಟು ಜನ. ನೋಡಿದೋರು ಮೊದಲು ಅದನ್ನೇ ಅನುಮಾನಿಸ್ತಾರೆ."

"ನಮ್ಮಮ್ಮನ ಕೆಲಸ," ಬಸವಪ್ರಸಾದ್ ನಕ್ಕ. "ಬೆಳ್ಳಿ ಕಂಡ್ರೆ ಅವರ ಕೈ ಸುಮ್ನಿರಲ್ಲ. ಪಾಪ, ಅವರಿಗೇನು ಗೊತ್ತಾಗುತ್ತೆ."

ಬೇಸಿಗೆಗೆ ಹುಬ್ಬಳ್ಳಿಯಿಂದ ಬಂದಿದ್ದ ಶಿವಗಂಗಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಹೌದವಾ ಕೀರ್ತಿ, ತಿಕ್ಕೀನಿ. ಹುಣಸಿಹಣ್ಣು ಹಚ್ಚಿ, ಮ್ಯಾಲೆ ಇಬತ್ತಿಲೆ. ನಮ್ಮ ಕಡೆ ಬೆಳ್ಳಿ ತಗೊಂಡು ಅಕ್ಕಸಾಲ್ಯಾನ ಅಂಗಡಿಗೆ ಹೋಗೂ ಮುಂದ ಹಂಗ ಮಾಡತೀವಿ. ಇಲ್ಲಂದ್ರ ಮಸಿ ಐತಿ ಅಂತ ತೂಕದಾಗ ಮುರಕೋತಾನ ಅಂವ."

ಕೀರ್ತಿಯ ಸಿಟ್ಟು ಗಂಟಲವರೆಗೆ ಬಂದು ಅಲ್ಲೇ ನಿಂತಿತು. ಹಣೆ ತುಂಬ ಅದೇ ವಿಭೂತಿ ಬಳಿದುಕೊಂಡು, ಒಳ್ಳೆಯದಾಗಲಿ ಅಂತಲೇ ತಿಕ್ಕಿದ ಮುದುಕಿಯ ಮೇಲೆ ಅದನ್ನು ಉಗುಳುವುದಾದರೂ ಹೇಗೆ? ನುಂಗಿಕೊಂಡಳು. ಉರಿಯಿತು.

ಆದರೆ ಶಿವಗಂಗಮ್ಮನ ಮಾತು ಮುಗಿದಿರಲಿಲ್ಲ.

"ಏ ಬಸ್ಯಾ, ಏನೋ ಪಾಪ? ಯಾರು ಪಾಪ? ಆ ಲಕೋಟಿ ಹರಿದು ನನ್ನ ಕೈಯಾಗ ಕೊಟ್ಟಾಂವ ಯಾರು? ಮಂಜೇಶ ಬರೂದರೊಳಗ ಬೆಳ್ಳಗ ಮಾಡು ಅಂದಾಂವ ಯಾರು? ನಾ ಹೆಬ್ಬೆರಳಲೆ ಹಗೂರಕ ತಿಕ್ಕಿದೆ. ಸಂದ್ಯಾಗಿನ ಕರಿ ಹೋಗವಲ್ದು ಅಂತ ಪಾತ್ರಿ ತಿಕ್ಕೂ ಉಕ್ಕಿನ ನಾರು ತಗೊಂಡು ಗರಗರ ಉಜ್ಜಿದಾಂವ ನೀನ ಹೌದಲ್ಲ? ಈಗ ಅವ್ವನ ಕೆಲಸ ಆತೇನು!"

ಮಂಜೇಶ್ ಇಲ್ಲದ ಸಕ್ಕರೆಯನ್ನು ಕಪ್ಪಿನಲ್ಲಿ ಕಲಕತೊಡಗಿದ.

"ನೀವಾ?" ಅಂದಳು ಕೀರ್ತಿ.

"ಒಳ್ಳೇದಕ್ಕೇ ಕಣೇ ಮಾಡಿದ್ದು. ಹೊಳೆದ್ರೆ ಜಾಸ್ತಿ ಬರುತ್ತೆ ಅಂತ."

"ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ಒಂದು ಡೈಮಿಗೆ ನಿನ್ನ ಪರ್ಮಿಶನ್ ಬೇರೆ ತಗೋಬೇಕಾ?"

"ನಿಮ್ಮ ಲ್ಯಾಪ್‌ಟಾಪ್ ಕೊಳೆಯಾಗಿದೆ ಅಂತ ನಾನು ಸಿಂಕಿಗೆ ಹಾಕಿ ನಾರಿನಲ್ಲಿ ತಿಕ್ಕಿದ್ರೆ ಏನಂತಿದ್ರಿ? ಒಳ್ಳೇದಕ್ಕೇ ಅಂತಿದ್ರಾ? ಅದೂ ಹೋಗ್ಲಿ. ತಪ್ಪು ಮಾಡಿದ್ದು ನೀವು, ಹೆತ್ತ ತಾಯಿ ತಲೆಗೆ ಕಟ್ಟಿ ನಗ್ತಾ ಕೂತಿದ್ದೀರಲ್ಲ!"

"ಸರಿ ಬಿಡು, ಆಗಿದ್ದು ಆಯ್ತು. ಕಾಲೇಜು ಮುಂದಿನ ವರ್ಷ ನೋಡಿದ್ರಾಯ್ತು."

ಎಷ್ಟು ಸಲೀಸಾಗಿ ಬಂತು ಆ ಮಾತು! ಬಸ್ಸು ತಪ್ಪಿದರೆ ಇನ್ನೊಂದು ಬರುತ್ತೆ ಅನ್ನುವ ಹಾಗೆ. ಕೀರ್ತಿ ಗಂಡನ ಮುಖ ನೋಡಿದಳು. ಅಲ್ಲಿ ನಾಚಿಕೆ ಹುಡುಕಿದಳು, ಕೊನೆಗೆ ಮುಜುಗರವನ್ನಾದರೂ ಹುಡುಕಿದಳು. ಸಿಕ್ಕಿದ್ದು ಒಂದು ತಲೆನೋವು ಕಳೆದವನ ನಿರಾಳ.

"ಜಗಳ ಯಾಕೆ ಕೀರ್ತಿ ಅವರೇ," ಮಂಜೇಶ್ ಗಂಟಲು ಸರಿಮಾಡಿಕೊಂಡ. "ಮನೆಯವರು ಅಂತ ನಾನೇ ನೂರೈವತ್ತು ಕೊಟ್ಟು ಇಟ್ಕೋತೀನಿ. ಇದಕ್ಕಿಂತ ಜಾಸ್ತಿ ಯಾರೂ ಕೊಡಲ್ಲ."

"ತಗೊಂಡ್ಹೋಗು ಮಾರಾಯ," ಅಂದ ಬಸವಪ್ರಸಾದ್.

"ಕೆಳಗಿಡಿ ಅದನ್ನ." ಕೀರ್ತಿಯ ದನಿ ಏರಲಿಲ್ಲ, ದಪ್ಪಗಾಯಿತು. "ಖೋಟಾ ಇರಬಹುದು ಅಂತ ಈಗ ತಾನೇ ಅಂದ್ರಿ. ಅಂಥ ನಾಣ್ಯಕ್ಕೆ ನೂರೈವತ್ತು ಡಾಲರ್ ಸುರಿಯೋವಷ್ಟು ದಾನಶೂರರಾ ನೀವು? ಆ ಗಾಜು ತೆಗೀರಿ ಮಂಜೇಶ್, ನಿಮ್ಮ ಎರಡೂ ಕಣ್ಣು ನೋಡ್ಬೇಕು ನಾನು."

ಮಂಜೇಶ್ ಗಾಜನ್ನೂ ತೆಗೆದ, ನಾಣ್ಯವನ್ನೂ ಇಟ್ಟ. ಕೀರ್ತಿ ಅದನ್ನು ಟಿಶ್ಯೂ ಒಂದರಲ್ಲಿ ಮಡಿಸಿ ಪರ್ಸಿಗೆ ಹಾಕಿಕೊಂಡಳು.

"ಎಲ್ಲಿಗೆ?" ಅಂದ ಬಸವಪ್ರಸಾದ್.

"ಹೆದ್ದಾರಿಯ ಎಕ್ಸಿಟ್ 8A ಹತ್ತಿರದ ಹೋಟೆಲಲ್ಲಿ ಇವತ್ತು ಹಳೇ ನಾಣ್ಯ ಕೊಳ್ಳೋರ ಮಾರೋರ ಶೋ ಇದೆ. ನನ್ನ ನೋಡಿ ನಗದೇ ಇರೋರು ಯಾರಾದ್ರೂ ಬೆಲೆ ಹೇಳ್ಲಿ. ಐವತ್ತೇ ಬರ್ಲಿ, ಐದೇ ಬರ್ಲಿ, ಈ ಸೆಮಿಸ್ಟರ್‌ಗೇ ಸೇರ್ತೀನಿ. ಉಳಿದಿದ್ದು ನನ್ನ ಸಂಬಳದಲ್ಲಿ. ಮನೆ ಖರ್ಚಿಗೆ ಸಾಲದಿದ್ರೆ ಸಾಲದೇ ಇರ್ಲಿ."

"ಏನೇ ನೀನು, ಅಷ್ಟಕ್ಕೆಲ್ಲಾ..."

"ಅಡ್ಡ ಬರಲ್ಲ ಅಂತ ಎಲ್ಲರ ಮುಂದೆ ಅಂದಿದ್ದೆ ನೀನು. ಬರ್ಬೇಡ."

ಮದುವೆಯಾದ ಮೇಲೆ ಗಂಡನಿಗೆ ಅವಳು 'ನೀನು' ಅಂದದ್ದು ಅದೇ ಮೊದಲು.

ಡ್ರೈವ್‌ವೇಯಲ್ಲಿ ಕಾರು ಸ್ಟಾರ್ಟ್ ಮಾಡಿ ರಿವರ್ಸ್‌ಗೆ ಹಾಕುವಷ್ಟರಲ್ಲಿ ಪಕ್ಕದ ಬಾಗಿಲು ತೆರೆದುಕೊಂಡಿತು. ಇಳಕಲ್ ಸೀರೆಯ ಮೇಲೆ ಮಗನ ಜಾಕೆಟ್ ತೊಟ್ಟ ಶಿವಗಂಗಮ್ಮ ಏದುಸಿರು ಬಿಡುತ್ತ ಹತ್ತಿ ಕೂತರು. ಸೀಟ್ ಬೆಲ್ಟನ್ನು ಸೆರಗಿನ ಸಮೇತ ಎಳೆದು ಎಲ್ಲಿ ಸಿಕ್ಕಿಸುವುದೆಂದು ತಡಕಾಡಿದರು. ಕೀರ್ತಿ ಬಾಗಿ, ಸೆರಗನ್ನು ಬಿಡಿಸಿ, ಬೆಲ್ಟನ್ನು ಟಕ್ ಎಂದು ಸಿಕ್ಕಿಸಿದಳು.