ಮೂರನೇ ಸಿಲಿಂಡರ್‌ನ ಮಾರ್ಕು

ಇಂಗ್ಲೆಂಡಿನಲ್ಲಿ ತಯಾರಾಗಿ ಅರವತ್ತು ವರ್ಷ ದಾಟಿದ್ದ ತಮ್ಮ ಕಾರಿನಲ್ಲೇ ಹೆಂಡತಿಯ ಅಣ್ಣನ ಊರಿಗೆ ಹೋಗಬೇಕೆಂದು ಪೋಸ್ಟ್‌ಮಾಸ್ಟರು ಹಟ ಹಿಡಿದಿದ್ದರು. ಇನ್ನೂರು ಮೈಲಿಯ ದಾರಿ. ಹೆಂಡತಿ ರೈಲೇ ಸಾಕು ಎನ್ನುತ್ತಿದ್ದರು. ಕೊನೆಗೆ ಒಂದು ಒಪ್ಪಂದವಾಯಿತು: ಎಂಜಿನ್ನಿನ ಕಂಪ್ರೆಷನ್, ಅಂದರೆ ನಾಲ್ಕೂ ಸಿಲಿಂಡರಿನ ಒಳಗಿನ ಒತ್ತಡ, ನೋಡುವುದು; ಪಾಸಾದರೆ ಕಾರು, ಫೇಲಾದರೆ ರೈಲು. ಆಕೆ ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದವರು. ಪರೀಕ್ಷೆ ಎಂದರೆ ಬೇಡ ಎನ್ನುವವರಲ್ಲ.

ಭಾನುವಾರ ಬೆಳಿಗ್ಗೆ ಪೋಸ್ಟ್‌ಮಾಸ್ಟರು ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಕಿಡಿ ಹಾರದಂತೆ ಕಾಯಿಲ್‌ನ ವಯರು ಕಿತ್ತಿಟ್ಟರು. ಮೊದಲ ಸಿಲಿಂಡರಿನ ತೂತಿಗೆ ಒತ್ತಡ ಅಳೆಯುವ ಗೇಜು ಕೂರಿಸಿದರು. ಹೆಂಡತಿ ಡ್ರೈವರ್ ಸೀಟಿನಲ್ಲಿದ್ದರು.

“ಆಕ್ಸಿಲರೇಟರ್ ಪೂರ್ತಿ ತುಳಿ. ಈಗ ಸ್ಟಾರ್ಟರ್.”

ಎಂಜಿನ್ ಮುಲುಗುತ್ತ ಐದಾರು ಸುತ್ತು ತಿರುಗಿತು.

“ನೂರೈವತ್ತು!”

ಎರಡನೆಯದೂ ಹತ್ತಿರ ಹತ್ತಿರ ಅಷ್ಟೇ. ಮೂರನೆಯದರಲ್ಲಿ ಮುಳ್ಳು ತೊಂಬತ್ತರಲ್ಲೇ ಕೂತುಬಿಟ್ಟಿತು. ಪೋಸ್ಟ್‌ಮಾಸ್ಟರು ಗೇಜನ್ನು ಬೆರಳಿನಿಂದ ತಟ್ಟಿದರು. ಮುಳ್ಳು ಅಲುಗಲಿಲ್ಲ.

“ನೂರೈವತ್ತು,” ಎಂದರು. ನಾಲ್ಕನೆಯದಕ್ಕೂ ಅದನ್ನೇ ಹೇಳಿದರು.

ಕಾರಿನ ಬಾಗಿಲು ತೆರೆಯಿತು.

“ನಾಲ್ಕೂ ಒಂದೇನಾ?”

“ಹೂಂ. ಒಳ್ಳೇ ಎಂಜಿನ್ನು.”

“ಒಂದೇ ಬೆಂಚಿನ ನಾಲ್ಕು ಮಕ್ಕಳು ಒಂದೇ ಉತ್ತರ ಬರೆದ್ರೆ ನಾನು ಬೇರೆ ಬೇರೆ ಕೂರಿಸಿ ಮತ್ತೆ ಬರೆಸ್ತಿದ್ದೆ ಕಣ್ರೀ. ನೀವು ಹೋಗಿ ತುಳೀರಿ.”

ಜಾಗ ಅದಲುಬದಲಾಯಿತು. ಮೂರನೆಯದಕ್ಕೆ ಬಂದಾಗ ಆಕೆ ಫಲಿತಾಂಶ ಓದುವ ದನಿಯಲ್ಲಿ “ತೊಂಬತ್ತು” ಎಂದರು. ಪೋಸ್ಟ್‌ಮಾಸ್ಟರ ಕಿವಿ ಬಿಸಿಯಾಯಿತು.

“ಆಗ ನಾನು ನೋಡಿದಾಗ...”

“ಆಗಲೂ ತೊಂಬತ್ತೇ.”

ಪೋಸ್ಟ್‌ಮಾಸ್ಟರು ಇಳಿದು ಬಂದು ಆ ಸಿಲಿಂಡರಿಗೆ ಎರಡು ಚಮಚ ಆಯಿಲ್ ಬಿಟ್ಟರು. ಪಿಸ್ಟನ್ನಿನ ರಿಂಗು ಸವೆದಿದ್ದರೆ ಮತ್ತೆ ಎಂಜಿನ್ ತಿರುಗಿಸಿದಾಗ ಅಂಕಿ ಏರಬೇಕು. ಏರಲಿಲ್ಲ.

“ಅಂದ್ರೆ?”

“ರಿಂಗು ಚೆನ್ನಾಗಿದೆ. ವಾಲ್ವ್ ಸರಿಯಾಗಿ ಮುಚ್ಕೋತಿಲ್ಲ.”

“ಅದಕ್ಕೆ ಕೊನೇಲಿ ಕೈ ಹಾಕಿದ್ಯಾರು?”

ಪೋಸ್ಟ್‌ಮಾಸ್ಟರು ಬಾನೆಟ್ಟಿನೊಳಗೆ ತುಂಬ ಹೊತ್ತು ನೋಡಿದರು, ಅಲ್ಲಿ ಇನ್ನಾರಾದರೂ ಸಿಕ್ಕಾರು ಎಂಬಂತೆ.

“ಹೋದ ತಿಂಗಳು ವಾಲ್ವ್ ಒತ್ತೋ ಟ್ಯಾಪೆಟ್ ಬಿಗಿ ಮಾಡಿದ್ದು ನಾನೇ.”

ಮೇಲಿನ ಮುಚ್ಚಳ ತೆಗೆದರು. ಸಂದು ಅಳೆಯುವ ತೆಳ್ಳನೆ ತಗಡು ಮೂರನೆಯದರ ಒಂದು ಟ್ಯಾಪೆಟ್ಟಿನ ಕೆಳಗೆ ನುಗ್ಗಲೇ ಇಲ್ಲ; ಅತಿ ಬಿಗಿಯಾಗಿ ಅದು ವಾಲ್ವನ್ನು ಪೂರ್ತಿ ಮುಚ್ಚಲು ಬಿಡುತ್ತಿರಲಿಲ್ಲ. ಅದನ್ನು ಸಡಿಲಿಸಿ, ಅಳತೆಗೆ ತಂದು, ನಟ್ಟು ಬಿಗಿದು, ಹೋಗಿ ಸೀಟಿನಲ್ಲಿ ಕೂತು ಸ್ಟಾರ್ಟರ್ ಒತ್ತಿದರು. ಎಷ್ಟು ಎಂದು ಕೇಳಲು ಧೈರ್ಯ ಬರಲಿಲ್ಲ. ಆಕೆ ಇನ್ನೊಮ್ಮೆ ತಿರುಗಿಸಿ ಎಂದರು. ತಿರುಗಿಸಿದರು.

“ನೂರ ನಲವತ್ತೈದು. ಪಾಸು.”

“ನೋಡಿದ್ಯಾ!”

“ಹಾಗೇ ಹೋಗಿದ್ರೆ ಏನಾಗ್ತಿತ್ತು?”

“ದಾರೀಲಿ ವಾಲ್ವ್ ಸುಟ್ಟುಹೋಗ್ತಿತ್ತು,” ಎಂದು ಪೋಸ್ಟ್‌ಮಾಸ್ಟರು ಕೈ ಒರೆಸಿಕೊಂಡರು. ಆ ಮಾತು ಮಾತ್ರ ಅಪ್ಪಟ ಸತ್ಯವಾಗಿತ್ತು.

ಬುಧವಾರ ಹೊರಟರು. ಕಾರು ಎಲ್ಲೂ ಕೈ ಕೊಡಲಿಲ್ಲ. ಎಪ್ಪತ್ತನೇ ಮೈಲಿಯ ಹೊತ್ತಿಗೆ, ತೊಡೆಯ ಮೇಲೆ ಫ್ಲಾಸ್ಕ್ ಹಿಡಿದು ಕೂತಿದ್ದ ಹೆಂಡತಿ, ಇನ್ನು ಸ್ವಲ್ಪ ಜೋರಾಗಿ ಹೋಗಬಹುದಲ್ಲ ಎಂದರು. ಪೋಸ್ಟ್‌ಮಾಸ್ಟರು ಬೆನ್ನು ನೆಟ್ಟಗೆ ಮಾಡಿಕೊಂಡು ವೇಗವನ್ನು ನಲವತ್ತಕ್ಕೆ ಏರಿಸಿದರು.