ಅತ್ತೆಗೆ ಮೂರು ಬಾಗಿಲ ದೂರ

ಈ ಕತೆಯನ್ನು ಮೊದಲು ಹೇಳಿದವಳು ಲುವಾಶಿಮು ಹೊಳೆದಂಡೆಯ ನ್ಯಾಕುಂಬಾ. ಪೋರ್ಚುಗೀಸರು ದೇಶ ಬಿಟ್ಟ ವರ್ಷ, ಹೆಂಗಸರು ಮರಗೆಣಸು ಕುಟ್ಟುತ್ತಿದ್ದ ಹೊತ್ತಿನಲ್ಲಿ.

ಊರೊಡೆಯ ಸಚಿಪೆಂಡಾ ಕೆಮ್ಮಿ ಕೆಮ್ಮಿ ಹಾಸಿಗೆ ಹಿಡಿದಿದ್ದ. ಅವನ ಪಟ್ಟಕ್ಕೆ ಬರಬೇಕಾದವನು ಸೋದರಳಿಯ ಕಾಯೊಂಬೊ. ಕೆಮ್ಮು ಹತ್ತುವ ಮುನ್ನಾದಿನ ಊರ ಚಪ್ಪರದಲ್ಲಿ, ಚುಕ್ಕೆಗಳ ಸುತ್ತ ಬೆರಳೆತ್ತದೆ ಒಂದೇ ಗೆರೆಯಲ್ಲಿ ಮುಗಿಸಬೇಕಾದ ಮರಳಚಿತ್ರ ಬರೆಯುತ್ತಿದ್ದ ಕಾಯೊಂಬೊನ ಬೆರಳು ನಡುವೆ ತಡೆದಿತ್ತು. ಗೆರೆ ತಡೆದವನನ್ನು ಕಂಡು ಜನ ನಗುವುದು ವಾಡಿಕೆ. ಮಾವ ಮಾತ್ರ ಅದನ್ನು ತನ್ನ ಉಸಿರಿಗೆ ಮಾಟದಿಂದ ಹಾಕಿದ ತಡೆಯೆಂದು ಬಗೆದ.

ಈಗ ಅದೇ ಚಪ್ಪರದಲ್ಲಿ, ಸೋರೆಬುರುಡೆಯಲ್ಲಿ, ಮಾಟಗಾರನನ್ನು ಪರೀಕ್ಷಿಸಲು ಕುಡಿಸುವ ವಿಷದ ತೊಗಟೆಯ ನೀರು ಸಿದ್ಧವಾಗಿತ್ತು. ಸಚಿಪೆಂಡಾ ಮರಳಲ್ಲಿ ಒಂದೇ ಸಾಲಿಗೆ ನಾಲ್ಕು ಚುಕ್ಕೆ ಒತ್ತಿದ. ಮೊದಲನೆಯದು ತನ್ನ ಮನೆ, ಕೊನೆಯದು ತನ್ನ ಹೆಂಡತಿಯ ತಾಯಿ, ಅತ್ತೆಯದು.

“ಕಣಿಯವನು ಹೇಳವ್ನೆ, ಅಳಿಯ. ವರ್ಷ ವರ್ಷಾನೂ ಎಲ್ಲಾ ಮನೆಯವರೂ ಒಂದೊಂದು ಮನೆ ಮುಂದಕ್ಕೆ ಹೋಗ್ಬೇಕು. ಯಾರೂ ಕಾಡಲ್ಲಿ ಮಲಗಬಾರ್ದು. ಈಗ ಯಾರಿಗೆ ಯಾರು ಎಷ್ಟನೇ ಬಾಗಿಲೋ, ಯಾವತ್ತೂ ಅಷ್ಟೇ ಇರ್ಬೇಕು. ಹಂಗೆ ಊರು ಬರಿ, ಬೇಕಾದ್ರೆ ಮನೆ ಸೇರಿಸ್ಕೊ. ಬೆರಳು ನಿಂತ್ರೆ ಇದನ್ನ ಕುಡಿ.”

ಕಾಯೊಂಬೊ ಗೆರೆ ಎಳೆಯತೊಡಗಿದ. ಗೆರೆಯ ಜೊತೆ ಮೂರು ಮನೆಯವರು ಸಲೀಸಾಗಿ ಮುಂದೆ ಸರಿದರು. ಮುಂದೆ ಮನೆಯಿಲ್ಲದೆ ನಾಲ್ಕನೆಯವಳು ಕಾಡಿಗೆ ಬಿದ್ದಳು. ಎಡಗೈಯಿಂದ ಐದನೆಯ ಚುಕ್ಕೆ ಒತ್ತಿದ. ಐದನೆಯವರು ಎಲ್ಲಿಗೆ ಹೋಗಬೇಕು? ಹೀಗೆ ಚುಕ್ಕೆಗೆ ಚುಕ್ಕೆ ಸೇರಿದರೆ ಸಾಲಿಗೆ ಕೊನೆಯೇ ಇಲ್ಲ, ಬೆರಳಿಗೆ ಕೊನೆಯುಂಟು. ಗೆರೆ ಹೊಳೆಯ ಕಡೆಗೆ ಸಾಗುತ್ತಲೇ ಇತ್ತು.

“ಹೊಳೆ ಆಚೆಗೂ ಊರು ಕಟ್ತೀಯೇನೋ?” ಎಂದ ಮುದುಕ ಮುವಕಹಿಲಾ. “ಮೊಸಳೆಗೂ ಒಂದು ಮನೆ ಇಟ್ಬಿಡಪ್ಪ.”

ಜನ ನಕ್ಕರು. ಹೊಳೆಯ ಕಡೆ ಹೊರಟಿದ್ದ ಬೆರಳನ್ನು ಕಾಯೊಂಬೊ ಹಿಂದಕ್ಕೆ ಬಾಗಿಸಿದ. ಸಾಲು ಬಳೆಯಾದರೆ ಕೊನೆಯವರ ಮುಂದಿನ ಮನೆ ಮೊದಲನೆಯದೇ. ಬೆರಳು ಮಾವನ ಮನೆಯನ್ನು ಮುಟ್ಟಲಿತ್ತು, ಆಗ ಕಂಡಿತು. ಮಾವನಿಗೆ ಮೂರನೆಯ ಬಾಗಿಲಲ್ಲಿದ್ದ ಅವನ ಅತ್ತೆ, ಬಳೆಯ ಹಿಂದಿನ ದಾರಿಯಿಂದ ಎಣಿಸಿದರೆ, ಎರಡನೆಯ ಬಾಗಿಲಿಗೆ ಬಂದಿದ್ದಳು. ಅತ್ತೆಯ ಮುಖವನ್ನು ಮಗಳ ಗಂಡ ನೋಡಕೂಡದ ಊರು ಅದು. ಬೆರಳು ನಿಧಾನವಾಯಿತು. ಯಾರೋ ಬುರುಡೆ ಎತ್ತಿಕೊಂಡರು.

ನಿಲ್ಲಿಸದೆ ಗೆರೆಯನ್ನು ಹೊರಕ್ಕೆ ಉಬ್ಬಿಸಿ, ಆರನೆಯ ಚುಕ್ಕೆ ಒತ್ತಿ, ಅದನ್ನು ಬಳಸಿ ಬಂದು ಬಳೆ ಕೂಡಿಸಿದ.

ಸಚಿಪೆಂಡಾ ಬಗ್ಗಿ ಎಣಿಸಿದ. “ಅತ್ತೆ ಈ ಕಡೆಯಿಂದ ಮೂರನೇ ಬಾಗಿಲು. ಆ ಕಡೆಯಿಂದ್ಲೂ ಮೂರನೇದು. ಕೊನೇ ಮನೆಯವನು ಎಲ್ಲಿಗೆ ಹೋಗ್ತಾನೆ?”

“ನಿಮ್ಮ ಮನೆಗೆ, ಮಾವ. ನೀವು ಆಗಲೇ ಮುಂದಿನ ಮನೇಲಿರ್ತೀರಿ.”

ಮಾವ ಬಹಳ ಹೊತ್ತು ಕೆಮ್ಮಿದ. ಆಮೇಲೆ, “ಚೆಲ್ರೋ ಅದನ್ನ” ಎಂದ.

ನೀರು ಮಣ್ಣಿಗೆ ಬಿತ್ತು. ಕಾಯೊಂಬೊನ ಬೆರಳು ಮಾತ್ರ ಬಳೆಯ ಸುತ್ತ ಓಡುತ್ತಲೇ ಇತ್ತು. ಮುವಕಹಿಲಾ ಮಣಿಕಟ್ಟು ಹಿಡಿದು ಎತ್ತಬೇಕಾಯಿತು.

ನ್ಯಾಕುಂಬಾ ಅಷ್ಟಕ್ಕೆ ಒನಕೆ ಒರಗಿಸಿದಳು. ಕೇಳುತ್ತಿದ್ದ ಹೆಂಗಸರು ಹಿಟ್ಟಿನ ಬುಟ್ಟಿ ತಲೆಗೇರಿಸಿಕೊಂಡು ಮನೆಗಳತ್ತ ನಡೆದರು.