ಮೂರು ನಿಮಿಷ ಸಿಟ್ಟಾಗದಿದ್ದರೆ ಸಾಕಿತ್ತು

ಆಲ್ವಿನ್ ಟನಿಕ್ಲಿಫ್ ಹನ್ನೊಂದು ವರ್ಷಗಳಿಂದ ಬ್ರಹ್ಮಾಂಡದ ಅತ್ಯಂತ ಸಿಡುಕಿನ ಪಡೆಗೆ ನಾಯಕನಾಗಿದ್ದ. ಈ ಶನಿವಾರ ಮಧ್ಯಾಹ್ನದೊಳಗೆ ಹೇಗಾದರೂ ಮಾಡಿ ಆ ನಾಯಕತ್ವ ಕಳೆದುಕೊಳ್ಳಬೇಕೆಂದು ಬೆಳಿಗ್ಗೆ ಹಲ್ಲುಜ್ಜುವಾಗಲೇ ನಿರ್ಧರಿಸಿದ್ದ.

ಪಡೆಯೆಂದರೆ ಹೆಬ್ಬೆರಳ ಗಾತ್ರದ ಪ್ಲಾಸ್ಟಿಕ್ ಗೊಂಬೆಗಳು. ನಾಟಿಂಗ್‌ಹ್ಯಾಮಿನ ಸ್ನೇಂಟನ್‌ನಲ್ಲಿ, ಚರ್ಚಿನ ಹಿಂದಿನ ಸಭಾಂಗಣದಲ್ಲಿ, ಪ್ರತಿ ಶನಿವಾರ ಕ್ಲಬ್ಬಿನ ಹದಿನಾಲ್ಕು ಮಂದಿ ಸೇರಿ ಅವನ್ನು ಮೇಜಿನ ಮೇಲೆ ನಿಲ್ಲಿಸಿ, ಟೇಪು ಹಿಡಿದು ಅಳೆದು, ದಾಳ ಉರುಳಿಸಿ, ಸೂರ್ಯನೇ ಆರಿಹೋದ ಮುಂದಿನ ಕಾಲದ ಯುದ್ಧವನ್ನು ಈಗಲೇ ಮಾಡಿ ಮುಗಿಸುತ್ತಿದ್ದರು. ಅವರದು ಕೆಂಗಣ್ಣಿನ ಪಡೆ. ಕೆಂಗಣ್ಣರಿಗೆ ಸಿಟ್ಟೇ ಊಟ, ಸಿಟ್ಟೇ ನಿದ್ದೆ. ಅವರ ಚರಿತ್ರೆಯ ಪುಸ್ತಕ ನಾನೂರು ಪುಟವಿದೆ. ಅವರ ಮೂಲನಾಯಕ ಹಾರ್ಗುಲ್ ಒಮ್ಮೆ ಸಿಟ್ಟಿನ ಭರದಲ್ಲಿ ತನ್ನದೇ ಅಂತರಿಕ್ಷ ಹಡಗಿನ ಚುಕ್ಕಾಣಿ ಮುರಿದುಹಾಕಿ, ನೇರವಾಗಿ ಹೋಗಿ ಶತ್ರುಗಳ ಗ್ರಹಕ್ಕೆ ಡಿಕ್ಕಿ ಹೊಡೆದು ಯುದ್ಧ ಗೆದ್ದನಂತೆ. ಗೆದ್ದದ್ದು ಅವನಿಗೆ ಗೊತ್ತಾಗಲಿಲ್ಲ, ಅಷ್ಟರಲ್ಲಿ ಸತ್ತಿದ್ದ. ಕ್ಲಬ್ಬಿನವರು ಇದನ್ನು ದೂರದೃಷ್ಟಿ ಎನ್ನುತ್ತಾರೆ.

ಈ ಹದಿನಾಲ್ಕು ಮಂದಿಯೋ, ಬಾಗಿಲಲ್ಲಿ ಇಬ್ಬರು ಎದುರಾದರೆ "ನೀವು ಮೊದಲು, ಇಲ್ಲ ಇಲ್ಲ ನೀವು ಮೊದಲು" ಎಂದು ಕೈಯಲ್ಲಿದ್ದ ಟೀ ತಣ್ಣಗಾಗುವವರೆಗೆ ನಿಲ್ಲುವ ಜನ. ಆದರೂ ಚರಿತ್ರೆ ಚರಿತ್ರೆಯೇ. ಕೆಂಗಣ್ಣರಲ್ಲಿ ಎಲ್ಲರಿಗಿಂತ ಸಿಟ್ಟಿನವನೇ ನಾಯಕ, ಆದ್ದರಿಂದ ಕ್ಲಬ್ಬಿನಲ್ಲೂ ಹಾಗೆಯೇ ಆಗಬೇಕು. ಹನ್ನೊಂದು ವರ್ಷದ ಹಿಂದೆ ಆಲ್ವಿನ್‌ನ ಕಾಲ ಮೇಲೆ ಟೀ ಕಾಯಿಸುವ ಡ್ರಮ್ಮಿನ ಮುಚ್ಚಳ ಬಿದ್ದು, ಚರ್ಚಿನ ಆವರಣದಲ್ಲಿ ಆಡಬಾರದ ಒಂದು ಮಾತು ಅವನ ಬಾಯಿಂದ ಬಂದುಬಿಟ್ಟಿತ್ತು. ನೋವಿನಲ್ಲಿ ಬಗ್ಗಿದ್ದವನು ತಲೆಯೆತ್ತಿ ನೋಡಿದರೆ ಎಲ್ಲರೂ ಒಂದು ಮಂಡಿಯೂರಿ ಕುಳಿತಿದ್ದರು. ಅಂದಿನಿಂದ ಅವನು ಕ್ಯಾಪ್ಟನ್.

ಕ್ಯಾಪ್ಟನ್ ಎಂದರೆ ಸಭಾಂಗಣದ ಬೀಗದ ಕೈ ಅವನದು. ಅರವತ್ತು ಕುರ್ಚಿ ಹಾಕುವುದು, ತೆಗೆಯುವುದು ಅವನದು. ಗೊಂಬೆಗಳ ಮುರಿದ ಕತ್ತಿಗೆ ಅಂಟು ಹಚ್ಚುವುದು, ಯಾರಿಗೆ ಕಡಲೆಬೀಜ ತಿಂದರೆ ಗಂಟಲು ಊದುತ್ತದೆಂದು ನೆನಪಿಟ್ಟುಕೊಳ್ಳುವುದು ಎಲ್ಲ ಅವನದೇ. ಮೂರನೇ ವರ್ಷ ಒಂದು ರಾಜೀನಾಮೆ ಪತ್ರ ಬರೆದುಕೊಟ್ಟು ನೋಡಿದ. ಕಾರ್ಯದರ್ಶಿ ಗ್ವೆಂಡಾ, ಗ್ರಂಥಾಲಯದಿಂದ ನಿವೃತ್ತಳಾದವಳು, ಚರಿತ್ರೆಯ ಪುಸ್ತಕವನ್ನು ಎದೆಗವಚಿಕೊಂಡೇ ಓಡಾಡುವವಳು, ಪತ್ರ ಓದಿ ಮರುಕಪಟ್ಟಳು.

"ಕೆಂಗಣ್ಣರಲ್ಲಿ ರಾಜೀನಾಮೆ ಅನ್ನೋದೇ ಇಲ್ವಲ್ಲ ಆಲ್ವಿನ್. ನಾನು ಪುಸ್ತಕ ಎರಡು ಸಲ ನೋಡ್ದೆ. ಒಂದೋ ಸಾಯ್ಬೇಕು, ಇಲ್ಲಾ ಕೋಪದ ಪರೀಕ್ಷೇಲಿ ಸೋಲ್ಬೇಕು. ನಿಮಗೆ ಯಾವ್ದು ಅನುಕೂಲ ಹೇಳಿ, ಬರ್ಕೋತೀನಿ."

ಕೋಪದ ಪರೀಕ್ಷೆ ಜೂನ್ ತಿಂಗಳ ಮೊದಲ ಶನಿವಾರ. ಯಾರಾದರೂ ಮುಂದೆ ಬಂದು ನಾಯಕನನ್ನು ಮೂರು ನಿಮಿಷ ಬಾಯಿಗೆ ಬಂದಂತೆ ಬೈಯಬೇಕು. ನಾಯಕನಿಗೆ ಸಿಟ್ಟು ಬಂದರೆ ಅವನೇ ಮುಂದುವರಿಯುತ್ತಾನೆ, ಬಾರದಿದ್ದರೆ ಬೈದವನು ನಾಯಕ. ಆದರೆ ಎದುರಿಗೆ ನಿಂತು ಒಬ್ಬರನ್ನು ಬೈಯುವುದೆಂದರೆ ಏನು ಸಾಮಾನ್ಯವೇ? ಹನ್ನೊಂದು ವರ್ಷ ಯಾರೂ ಮುಂದೆ ಬಂದಿರಲಿಲ್ಲ.

ಈ ಸಲ ಒಬ್ಬ ಬಂದಿದ್ದ. ಆಲ್ವಿನ್ನೇ ಒಪ್ಪಿಸಿದ್ದ. ಕ್ಲಬ್ಬಿನವನೇ ಆದ ಇಪ್ಪತ್ಮೂರು ವರ್ಷದ ರೋಲೋ, ಹಾರ್ಗುಲ್‌ನ ವ್ಯಕ್ತಿತ್ವದ ಬಗ್ಗೆ ನಲವತ್ತು ಪುಟದ ಪ್ರಬಂಧ ಬರೆದು ಯಾರೂ ಕೇಳದಿದ್ದರೂ ಹಂಚಿದವನು. ಸಿಟ್ಟು ಏರಿದಾಗ ಮನುಷ್ಯ ಕಳೆದುಹೋಗುತ್ತಾನೋ ಅಥವಾ ಆಗಲೇ ಸಿಗುತ್ತಾನೋ ಎಂಬುದು ಅವನ ಜೀವದ ಪ್ರಶ್ನೆ. ಆಲ್ವಿನ್ ಅವನನ್ನು ಬಸ್ ನಿಲ್ದಾಣದಲ್ಲಿ ಹಿಡಿದು, "ನನ್ನನ್ನ ಸ್ವಲ್ಪ ಬೈತೀಯೇನಪ್ಪಾ?" ಎಂದು ಕೇಳಿಕೊಂಡಿದ್ದ.

ಇಷ್ಟೆಲ್ಲ ಒದ್ದಾಟ ವಿನಿಫ್ರೆಡ್‌ಗಾಗಿ. ಆಲ್ವಿನ್‌ನ ಅಕ್ಕ, ನಾಲ್ಕು ವರ್ಷ ದೊಡ್ಡವಳು. ಇಬ್ಬರಿಗೂ ಮದುವೆಯಿಲ್ಲ, ಇರುವುದು ಒಂದೇ ಮನೆಯಲ್ಲಿ. ಅವಳಿಗೆ ಬೇಕರಿಯಲ್ಲಿ ಕೆಲಸ, ವಾರಕ್ಕೆ ರಜೆ ಶನಿವಾರ ಒಂದೇ. ಹನ್ನೊಂದು ವರ್ಷದಿಂದ ಅವಳು ಕೇಳುತ್ತಿದ್ದದ್ದೂ ಒಂದೇ. ಒಂದು ಶನಿವಾರ ರೈಲು ಹತ್ತಿ ಸ್ಕೆಗ್‌ನೆಸ್ ಸಮುದ್ರತೀರಕ್ಕೆ ಹೋಗಿ, ಅಕ್ಕ ತಮ್ಮ ಇಬ್ಬರೇ ಕಾಲು ಚಾಚಿ ಕುಳಿತು ಬರೋಣ. ಮೊನ್ನೆ ಚಳಿಗಾಲದಲ್ಲಿ ಅವಳ ಮಂಡಿ ಹಿಡಿದುಕೊಂಡಾಗ, ಇನ್ನು ತಡಮಾಡಿದರೆ ಹೋಗುವುದೇ ಇಲ್ಲವೆಂದು ಆಲ್ವಿನ್‌ಗೆ ದಿಗಿಲಾಗಿತ್ತು. ಈಗ ಅವಳು ಟೋಪಿ ಹಾಕಿಕೊಂಡು, ಸ್ಯಾಂಡ್‌ವಿಚ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತಿದ್ದಳು.

"ಮೂರು ನಿಮಿಷ ಸುಮ್ನಿರೋದಕ್ಕೆ ಆಗತ್ತೇನೋ ನಿನಗೆ?" ಎಂದಳು.

"ಅದೇನ್ ಹಾಗ್ ಕೇಳ್ತೀಯ ವಿನ್ನಿ? ಜೀವಮಾನ ಪೂರ್ತಿ ಅದನ್ನೇ ಮಾಡ್ಕೊಂಡ್ ಬಂದಿದೀನಿ."

ಸುಳ್ಳಲ್ಲ. ಬಸ್ ಡಿಪೋದಲ್ಲಿ ಕಳೆದುಹೋದ ಸಾಮಾನುಗಳ ಕಿಟಕಿಯಲ್ಲಿ ಕೂರುವವನು ಅವನು. ಛತ್ರಿ ಕಳೆದುಕೊಂಡವರು ದಿನವೂ ಬಂದು ಅವನ ಮೇಲೆ ಹರಿಹಾಯ್ದು, ಬೇರೆ ಯಾರದೋ ಛತ್ರಿ ತೆಗೆದುಕೊಂಡು ಹೋಗುತ್ತಾರೆ. ಅವನು ಅವರಿಗೆ ಶುಭದಿನ ಹೇಳುತ್ತಾನೆ.

ಗ್ವೆಂಡಾ ಮೊಟ್ಟೆ ಬೇಯಿಸುವಾಗ ಇಡುವ ಪುಟ್ಟ ಮರಳು ಗಡಿಯಾರವನ್ನು ತಿರುಗಿಸಿಟ್ಟಳು. ರೋಲೋ ಬೆವರುತ್ತ ಜೇಬಿನಿಂದ ಚೀಟಿ ತೆಗೆದ.

"ಆಲ್ವಿನ್ ಅವರೇ, ತಪ್ಪು ತಿಳ್ಕೋಬೇಡಿ. ನೀವು ಹಚ್ಚೋ ಕೆಂಪು ಬಣ್ಣ ತುಂಬಾ ಗಟ್ಟಿ. ಗೊಂಬೆ ಮುಖಾನೇ ಕಾಣ್ಸಲ್ಲ."

"ನಿಜ ಕಣಪ್ಪಾ. ನೀರು ಬೆರೆಸ್ಬೇಕು ಅಂತ ಎಷ್ಟು ಸಲ ಅಂದ್ಕೋತೀನಿ."

"ನೀವು... ನೀವು ಹೇಡಿ! ಹೋದ ತಿಂಗಳು ದಾಳ ಓರೆಯಾಗಿ ನಿಂತಾಗ ಜಗಳ ಆಡ್ದೆ ಮತ್ತೆ ಹಾಕ್ಬಿಟ್ರಿ! ಹಾರ್ಗುಲ್ ಆಗಿದ್ರೆ ಮೇಜು ಮಗುಚ್ತಿದ್ದ!"

"ಮಗುಚ್ಬಹುದಿತ್ತು. ಆದ್ರೆ ಮೇಜು ಚರ್ಚಿಂದು."

ಹಿಂದೆ ಯಾರೋ "ಅಯ್ಯೋ, ಒಂಚೂರೂ ಸಿಟ್ಟೇ ಇಲ್ಲ" ಎಂದು ಪಿಸುಗುಟ್ಟಿದರು. ಮರಳು ಮುಕ್ಕಾಲು ಪಾಲು ಇಳಿದಿತ್ತು. ಆಲ್ವಿನ್‌ನ ಮೂಗಿಗೆ ಆಗಲೇ ಉಪ್ಪುಗಾಳಿ ಬಡಿಯತೊಡಗಿತ್ತು. ರೋಲೋ ಚೀಟಿ ತಿರುಗಿಸಿ ನೋಡಿದ. ಹಿಂಬದಿ ಖಾಲಿ. ಪಾಪ, ಅವನಿಗೆ ಗೊತ್ತಿದ್ದ ಬೈಗುಳ ಅಷ್ಟೇ. ಕಣ್ಣಲ್ಲಿ ನೀರು ತುಂಬಿಕೊಂಡು ಚೀಟಿಯನ್ನು ಮುದುಡಿದ.

"ನನ್ ಕೈಲಿ ಆಗಲ್ಲ ಆಲ್ವಿನ್ ಅವರೇ. ಇದು ಪಾಪ. ನಿಮ್ಮಿಂದ ಇದನ್ನ ಕಿತ್ಕೊಂಡ್ರೆ ನೀವಾದ್ರೂ ಏನ್ ಮಾಡ್ತೀರಾ? ನಿಮಗೆ ಶನಿವಾರ ಬೇರೇನೂ ಇಲ್ವಲ್ಲ. ಕುರ್ಚಿ ಜೋಡಿಸೋದು ಅಂದ್ರೆ ನಿಮಗೆ ಎಷ್ಟು ಇಷ್ಟ ಅಂತ ನಮಗೆಲ್ಲ ಗೊತ್ತು."

ಆಲ್ವಿನ್ ಬಾಯಿ ತೆರೆದ. "ಪರವಾಗಿಲ್ಲ" ಎನ್ನುವುದಕ್ಕೆಂದೇ ತೆರೆದದ್ದು. ಅದು ಬರಲಿಲ್ಲ.

"ಇಷ್ಟಾನಾ?" ಎಂದ. ಆಮೇಲೆ ಅವನ ದನಿ ಅವನ ಕೈಯಲ್ಲಿರಲಿಲ್ಲ. "ಕುರ್ಚಿ ಇಷ್ಟಾನಾ? ಅರವತ್ತು ಕುರ್ಚಿ! ಇರೋದು ಹದಿನಾಲ್ಕು ಜನ! ಯಾವನಾದ್ರೂ ಒಬ್ಬ, ಹನ್ನೊಂದು ವರ್ಷದಲ್ಲಿ ಒಬ್ಬ, ಒಂದೇ ಒಂದು ಕುರ್ಚಿ ಎತ್ತಿಟ್ಟಿದೀರೇನ್ರೋ? ಮಂಡಿ ಊರೋದಕ್ಕೆ ಬರತ್ತೆ, ಲೋಟ ತೊಳೆಯೋದಕ್ಕೆ ಬರಲ್ಲ! ನನಗೂ ಶನಿವಾರ ಇದೆ ಕಣ್ರೋ! ನನಗೂ ಒಬ್ಳು ಅಕ್ಕ ಇದಾಳೆ! ಹಾಳಾಗ್ ಹೋಗ್ಲಿ ನಿಮ್ಮ ಹಾರ್ಗುಲ್! ನನಗೆ ಈ ಕ್ಯಾಪ್ಟನ್‌ಗಿರಿ ಬೇಡ, ಬೇಡ, ಬೇಡ!"

ಅವನು ತಳ್ಳಿದ ರಭಸಕ್ಕೆ ಮೇಜು ಮಗುಚಿ ಬಿತ್ತು. ಎರಡು ಸೈನ್ಯಗಳು ನೆಲದ ಪಾಲಾದವು. ಮರಳು ಗಡಿಯಾರದಲ್ಲಿ ಇನ್ನೂ ಚಿಟಿಕೆಯಷ್ಟು ಮರಳು ಉಳಿದಿತ್ತು.

ಹದಿಮೂರು ಮಂಡಿಗಳು ನೆಲಕ್ಕೆ ತಗುಲಿದ ಸದ್ದು. ರೋಲೋ ಬಿಕ್ಕಿ ಬಿಕ್ಕಿ ಅಳುತ್ತ, "ಸಿಕ್ಕಿದ್ರು, ಮನುಷ್ಯ ಸಿಕ್ಕಿದ್ರು" ಎನ್ನುತ್ತಿದ್ದ. ಬೇಡವೆಂದು ಕೂಗಿದಷ್ಟೂ ಅವರ ತಲೆ ಇನ್ನಷ್ಟು ಬಾಗುತ್ತಿತ್ತು. ಸಿಟ್ಟಿನಿಂದ ಬೇಡವೆಂದವನಿಗಿಂತ ಯೋಗ್ಯ ನಾಯಕ ಇನ್ನಾರು?

ಆಲ್ವಿನ್ ಹಲ್ಲು ಕಡಿಯುತ್ತ ಅಕ್ಕನ ಕೈ ಹಿಡಿದು ಬಾಗಿಲಿಗೆ ನುಗ್ಗಿದ. ಅದು ಅವನು ಮಾಡಿದ ಎರಡನೇ ತಪ್ಪು.

"ಕ್ಯಾಪ್ಟನ್ ನುಗ್ಗಿದ್ರು!" ಗ್ವೆಂಡಾ ಪುಸ್ತಕ ತೆರೆದು ಗಟ್ಟಿಯಾಗಿ ಓದಿದಳು. "ಇನ್ನೂರ ಹನ್ನೆರಡನೇ ಪುಟ. ನಾಯಕ ಸಿಟ್ಟಿನಿಂದ ನುಗ್ಗಿದ ಕಡೆಗೆ ಪಡೆ ಪೂರ್ತಿ ನುಗ್ಗತಕ್ಕದ್ದು. ಎಲ್ಲಿಗೆ ಎಂದು ಕೇಳುವುದು ದ್ರೋಹ."

ಯಾರೂ ಕೇಳಲಿಲ್ಲ. ಗೊಂಬೆಪೆಟ್ಟಿಗೆಗಳನ್ನು ಬಗಲಿಗೇರಿಸಿಕೊಂಡು ಹದಿಮೂರು ಮಂದಿ ರೈಲು ನಿಲ್ದಾಣದವರೆಗೆ ಓಡಿದರು. ಟಿಕೆಟ್ ಕಿಟಕಿಯಲ್ಲಿ ಮಾತ್ರ ಶಿಸ್ತಾಗಿ ಸಾಲು ನಿಂತರು. ರೈಲಿನಲ್ಲಿ ಆಲ್ವಿನ್ ಮೊದಲು ಬೆದರಿಸಿದ, ಆಮೇಲೆ ಬೇಡಿಕೊಂಡ, ಕೊನೆಗೆ ತಾನು ಪೂರ್ತಿ ಶಾಂತವಾಗಿದ್ದೇನೆಂದು ಆಣೆ ಮಾಡಿದ. ಸಿಟ್ಟನ್ನು ಒಳಗೇ ಕುದಿಸುತ್ತಿದ್ದಾರೆಂದು ಅವರು ತಲೆದೂಗಿದರು.

ಸ್ಕೆಗ್‌ನೆಸ್ಸಿನಲ್ಲಿ ಬಿಸಿಲಿತ್ತು. ವಿನಿಫ್ರೆಡ್ ಮರಳಿನ ಮೇಲೆ ಟವೆಲ್ ಹಾಸಿ, ಬೂಟು ಬಿಚ್ಚಿ, ನೋವಿನ ಕಾಲನ್ನು ಮೆಲ್ಲಗೆ ಚಾಚಿ ಕಣ್ಣು ಮುಚ್ಚಿದಳು. ಹದಿಮೂರು ಮಂದಿ ಅವರ ಸುತ್ತ ವೃತ್ತಾಕಾರವಾಗಿ ನಿಂತರು.

"ಕ್ಯಾಪ್ಟನ್, ಶತ್ರು ಯಾರು ಅಂತ ಹೇಳಿದ್ರೆ..." ಎಂದ ರೋಲೋ ಮೆಲುದನಿಯಲ್ಲಿ.

ಒಬ್ಬ ವಿನಿಫ್ರೆಡ್‌ಳ ಕಾಲ ಹೆಬ್ಬೆರಳಿನಿಂದ ನೀರಿನವರೆಗೆ ಟೇಪು ಹಿಡಿದು ಅಳೆಯತೊಡಗಿದ. ಇನ್ನೊಬ್ಬಳು ಟವೆಲ್ಲಿನ ಅಂಚಿನಲ್ಲಿ ಕೆಂಗಣ್ಣರನ್ನು ಸಾಲಾಗಿ ನಿಲ್ಲಿಸಿದಳು. ಅದು ಚೆನ್ನಾಗಿ ಕಾಣಲೆಂದು ಗ್ವೆಂಡಾ ಒಂದು ಹೆಜ್ಜೆ ಹಿಂದಿಟ್ಟಳು, ವಿನಿಫ್ರೆಡ್ ಬಿಚ್ಚಿಟ್ಟಿದ್ದ ಮೊಟ್ಟೆ ಸ್ಯಾಂಡ್‌ವಿಚ್ಚಿನ ಮೇಲೆ.

ವಿನಿಫ್ರೆಡ್ ಕಣ್ಣು ತೆರೆದಳು. ಎದ್ದು ನಿಂತಳು. ಅವಳು ಕೂಗಲಿಲ್ಲ.

"ಗ್ವೆಂಡಾ, ಕಾಲೆತ್ತು. ಹನ್ನೊಂದು ವರ್ಷ ನೀನು ತಂದಿರೋ ಬಿಸ್ಕತ್ತೆಲ್ಲ ಮೆತ್ತಗಾಗಿರೋವು, ಗೊತ್ತಾ? ರೋಲೋ, ನಿಮ್ಮಮ್ಮನಿಗೆ ಫೋನ್ ಮಾಡಿ ಮೂರು ವಾರ ಆಯ್ತು. ಅವಳು ಬೇಕರಿಗೆ ಬಂದು ನನ್ನ ಹತ್ರ ಅತ್ಕೊಂಡ್ ಹೋಗ್ತಾಳೆ. ಮೂಗು ಒರೆಸ್ಕೋ. ಟೇಪಿನವನೇ, ಬೇಜಿಲ್ ಅಲ್ವಾ ನೀನು? ಕಡಲೆಬೀಜ ಆಗಲ್ಲ ನಿನಗೆ, ಅಲ್ಲಿ ಕಾಣೋ ಅಂಗಡೀದು ಏನೂ ತಿನ್ಬೇಡ."

ಹೀಗೆ ಹದಿಮೂರು ಮಂದಿಯನ್ನೂ ಒಬ್ಬೊಬ್ಬರಾಗಿ, ಹೆಸರು ಹಿಡಿದು ಬೈದಳು. ಹನ್ನೊಂದು ವರ್ಷ ಪ್ರತಿ ಶನಿವಾರ ರಾತ್ರಿ ಊಟಕ್ಕೆ ಕೂತಾಗ ತಮ್ಮ ಹೇಳಿದ್ದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಯಾರ ಮದುವೆ ಮುರಿದದ್ದು, ಯಾರ ಕೆಲಸ ಹೋದದ್ದು, ಯಾರು ಕತ್ತಿ ಮುರಿದು ಹೇಳದೆ ಪೆಟ್ಟಿಗೆಗೆ ಹಾಕಿದ್ದು, ಒಂದನ್ನೂ ಬಿಡಲಿಲ್ಲ. ಪೂರ್ತಿ ಹದಿನೇಳು ನಿಮಿಷ. ಬೈಸಿಕೊಂಡವರ ಮುಖದಲ್ಲಿ, ಯಾರೋ ಮೊದಲ ಬಾರಿಗೆ ತಮ್ಮ ಕಡೆ ಸರಿಯಾಗಿ ನೋಡಿದರೆಂಬ ಸಂತೋಷವಿತ್ತು.

ಮಂಡಿಗಳು ಮರಳಿಗೆ ಇಳಿದವು. ರೋಲೋನದು ಎಲ್ಲರಿಗಿಂತ ಮೊದಲು.

"ಹೇ, ತಡೀರಿ!" ಎಂದ ಆಲ್ವಿನ್ ಗಾಬರಿಯಿಂದ. "ಅವಳು ಒಂದು ಗೊಂಬೇಗೂ ಬಣ್ಣ ಹಚ್ಚಿಲ್ಲ. ಆಟಾನೇ ಬರಲ್ಲ ಅವಳಿಗೆ!"

"ಹಾರ್ಗುಲ್‌ಗೂ ಬರ್ತಿರ್ಲಿಲ್ಲ" ಎಂದಳು ಗ್ವೆಂಡಾ, ಚಪ್ಪಲಿಯಿಂದ ಮೊಟ್ಟೆ ಕೆರೆಯುತ್ತ.

"ವಿನ್ನಿ, ಬೇಡ ಅನ್ನು. ಬೇಡ ಅಂತ ಹೇಳ್ಬಿಡು."

ವಿನಿಫ್ರೆಡ್ ಬಾಗಿದ ತಲೆಗಳನ್ನು ನೋಡುತ್ತ ನಿಂತಳು. ಬೇಕರಿಯಲ್ಲಿ ಮೂವತ್ತು ವರ್ಷ ಅವಳ ಮಾತನ್ನು ಒಬ್ಬರೂ ಕೊನೆಯವರೆಗೆ ಕೇಳಿರಲಿಲ್ಲ. "ಮೊದ್ಲು ಆ ಕುರ್ಚಿ ಲೆಕ್ಕ ಸರಿ ಮಾಡ್ಬೇಕು ಕಣೋ" ಎಂದಳು, ಯಾವುದೋ ಯೋಚನೆಯಲ್ಲಿ. "ಹದಿನಾಲ್ಕು ಜನಕ್ಕೆ ಅರವತ್ತು ಯಾತಕ್ಕೆ?"

ಮುಂದಿನ ಶನಿವಾರ ಅವಳು ಒಂಬತ್ತಕ್ಕೇ ಸಭಾಂಗಣಕ್ಕೆ ಹೊರಟಳು. ಮಂಡಿನೋವಿನ ಮಾತೇ ಇಲ್ಲ. ಆಲ್ವಿನ್‌ಗೆ ಕೊನೆಗೂ ಶನಿವಾರ ಸಿಕ್ಕಿತ್ತು. ಅದನ್ನು ಏನು ಮಾಡುವುದೆಂದು ತಿಳಿಯದೆ ರೈಲು ಹತ್ತಿ ಸ್ಕೆಗ್‌ನೆಸ್ಸಿಗೆ ಹೋಗಿ, ಅಭ್ಯಾಸಬಲದಿಂದ ಎರಡು ಮಡಚುಕುರ್ಚಿ ಬಾಡಿಗೆಗೆ ತೆಗೆದುಕೊಂಡು, ಒಂದರಲ್ಲಿ ಕೂತ. ಅವನಿಗೆ ಅಕ್ಕ ಬೇಕಿತ್ತು. ಸಮುದ್ರ ಬೇಕೆಂದು ಅವನು ಯಾವತ್ತೂ ಅಂದುಕೊಂಡಿರಲಿಲ್ಲ.

ಮಧ್ಯಾಹ್ನ ಅಕ್ಕನ ಫೋನು ಬಂತು. ಅವಳ ಹಿಂದೆ ಲೋಟ ತೊಳೆಯುವ ಸದ್ದು, ನಗು.

"ಹೇಗಿದೆಯೋ ಸಮುದ್ರ?"

"ನೀರು ದೂರ ಹೋಗಿದೆ ವಿನ್ನಿ. ಸಾಯಂಕಾಲ ಬರತ್ತಂತೆ."

"ಸರಿ ಸರಿ, ಆಮೇಲ್ ಮಾತಾಡ್ತೀನಿ. ಬೇಜಿಲ್‌ಗೆ ಬೈಯೋದಿದೆ, ಕಾಯ್ತಾ ಇದಾನೆ."

ಅಕ್ಕನನ್ನು ಮರಳಿ ಪಡೆಯಲು ಇದ್ದದ್ದು ಒಂದೇ ದಾರಿ, ಬೀಗದ ಕೈ ಮತ್ತೆ ತನ್ನ ಕೈಗೇ ಬಂದರೂ ಸರಿ. ಬರುವ ಜೂನ್‌ನಲ್ಲಿ ಅವಳೆದುರು ನಿಂತು ಬೈಯಬೇಕು, ಅವಳಿಗೆ ಸಿಟ್ಟು ಬಾರದ ಹಾಗೆ ಬೈಯಬೇಕು. ವಿನಿಫ್ರೆಡ್‌ಗೆ ಸಿಟ್ಟು ಬಾರದ ಹಾಗೆ! ಆಲ್ವಿನ್ ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಗಂಟಲು ಸರಿಮಾಡಿಕೊಂಡು, ಪಕ್ಕದ ಖಾಲಿ ಕುರ್ಚಿಯತ್ತ ತಿರುಗಿ ಅಭ್ಯಾಸ ಶುರುಮಾಡಿದ.

"ನೋಡು ವಿನ್ನಿ, ತಪ್ಪು ತಿಳ್ಕೋಬೇಡ" ಎಂದ. ಅದರಾಚೆಗೆ ಅವನಿಗೆ ಏನೂ ತೋಚಲಿಲ್ಲ. ಅವಳಲ್ಲಿ ಬೈಯುವಂಥದ್ದು ಒಂದಾದರೂ ಇರಬೇಕಲ್ಲ ಎಂದು ನೀರು ತೀರಕ್ಕೆ ಮರಳುವವರೆಗೂ ಹುಡುಕುತ್ತ ಕೂತ.